ನದಿಯ ದಂಡೆಯ ಸೂಟಿ ಯಾರ ಪಾಲಿಗೆ?

(ಆಳಂದ, ಅಫಜಲಪುರ ಮತ್ತು ಜೇವರ್ಗಿಗಳಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಮುಂದೆ ಮಾಡಿದ ಭಾಷಣ. ಕೇಳಿದವರ ಅಪೇಕ್ಷೆಯಂತೆ ಇಲ್ಲಿ ಅಚ್ಚು ಮಾಡಿದೆ.)

ಇಂದು ನಾವು ಪಗಾರದ ಮಾತು ಆಡುವುದಿಲ್ಲ, ತೊಗರಿಯ ಧಾರಣೆಯ ಮಾತು ಆಡುವುದಿಲ್ಲ. ಇಂದಿನ ಮಾತು ಸೂಟಿಯದು. ಇದೇನು ಹಗುರವಾದ ವಿಷಯ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಕ್ಕರೂ ಕೇಳಿರಿ, ಕೇಳಿದ ಮೇಲೆ ನಗು ಉಳಿದರೆ ಮತ್ತೆ ನಗೋಣ.

ಕೆಲವು ತಿಂಗಳ ಹಿಂದೆ ದಾಲ್ ಗಿರಣಿಯೊಂದರ ಅಂಗಳದಲ್ಲಿ ನಾವು ಮಧ್ಯಾಹ್ನದ ಬುತ್ತಿ ಬಿಚ್ಚಿ ಕುಳಿತಿದ್ದೆವು. ಒಬ್ಬ ಹುಡುಗ ತನ್ನ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ. ಹಸಿರು ಕಾಡು, ಪಕ್ಕದಲ್ಲಿ ನದಿ, ದಂಡೆಯ ಮೇಲೆ ಬಿಳಿಯ ಡೇರೆ, ಡೇರೆಯೊಳಗೆ ಮಂಚ, ಗಾದಿ, ತಂಪು ಯಂತ್ರ. ಬೆಳಿಗ್ಗೆ ನೊರೆನೀರಿನಲ್ಲಿ ರಬ್ಬರಿನ ದೋಣಿಯ ಸವಾರಿ. ಸಂಜೆ ಎಣ್ಣೆ ಹಚ್ಚಿ ಮೈ ತಿಕ್ಕಿಸಿಕೊಳ್ಳುವ ಸ್ಪಾ. ಕೆಳಗೆ ಒಂದು ರಾತ್ರಿಯ ಬಾಡಿಗೆ ಬರೆದಿತ್ತು. ಆ ಹುಡುಗನ ಅರ್ಧ ತಿಂಗಳ ಪಗಾರಕ್ಕಿಂತ ಅದು ಹೆಚ್ಚು.

ಪಕ್ಕದಲ್ಲಿ ರೊಟ್ಟಿ ಮುರಿಯುತ್ತಿದ್ದ ಹಿರಿಯ ಹಮಾಲ ಕಾಕಾ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ತಮ್ಮಾ, ಹೊಳಿ ನಮ್ಮಲ್ಲೂ ಅದ. ಗಾಣಗಾಪುರದಾಗ ಹುಣ್ಣಿಮಿಗೆ ಗಿಡದ ಬುಡಕ ನಾವೂ ಮಲಗ್ತೇವಿ. ಎಣ್ಣಿ ಮನ್ಯಾಗೂ ಅದ. ಹಂಗಾದರ ಇಷ್ಟು ರೊಕ್ಕ ಯಾತಕ್ಕ?”

ಈ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಹೇಳಬೇಕಾದರೆ ಕಣ್ಣಾರೆ ನೋಡಬೇಕು ಎಂದುಕೊಂಡೆವು. ವರ್ಗಣಿ ಕೂಡಿಸಿ ನಾವು ಆರು ಮಂದಿ ದಾಂಡೇಲಿಗೆ ಹೋಗಿಬಂದೆವು. ಹುಬ್ಬಳ್ಳಿಯವರೆಗೆ ರಾತ್ರಿಯ ಪ್ರಯಾಣ, ಅಲ್ಲಿಂದ ಮುಂದೆ ಇನ್ನೊಂದು ಬಸ್ಸು. ಐಷಾರಾಮಿ ಡೇರೆಯಲ್ಲಿ ನಾವು ಇಳಿಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಊರೊಳಗಿನ ಅಗ್ಗದ ಖೋಲಿಯೊಂದರಲ್ಲಿ ಇಳಿದು, ದಂಡೆಯ ಶಿಬಿರಗಳನ್ನು ಸುತ್ತಿ ನೋಡಿ, ಕೆಲಸಗಾರರನ್ನು ಮಾತಾಡಿಸಿದೆವು. ದೋಣಿಯ ಟಿಕೀಟಿಗೆ ಇಬ್ಬರ ಹಣವಷ್ಟೇ ಉಳಿದಿತ್ತು. ಚೀಟಿ ಎತ್ತಿ ಇಬ್ಬರನ್ನು ಕಳಿಸಿದೆವು. ಉಳಿದ ನಾಲ್ವರು ದಂಡೆಯ ಮೇಲೆ ನಿಂತು ನೋಡಿದೆವು.

ದಾಂಡೇಲಿ ಎಂದರೆ ಇಂದು ಪ್ರವಾಸಿಗಳ ಊರು. ಆದರೆ ಮೊದಲು ಅದು ಕೆಲಸಗಾರರ ಊರು. ಕಾಡಿನ ಮರದ ಕೆಲಸ ಅಲ್ಲಿ ಹಳೆಯದು. 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದದ ಗಿರಣಿ ಅಲ್ಲಿ ಸ್ಥಾಪನೆಯಾಯಿತು. ಊರಿನ ಪಕ್ಕದಲ್ಲಿ ಹರಿಯುವ ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಇಷ್ಟು ಚಿಕ್ಕ ದಾರಿಯಲ್ಲಿ ಘಟ್ಟದ ಮೇಲಿನಿಂದ ಸಮುದ್ರದ ಮಟ್ಟಕ್ಕೆ ಇಳಿಯಬೇಕಾದ್ದರಿಂದ ಅದರ ಓಟ ಜೋರು. ಇಳಿಜಾರು ಇದ್ದಲ್ಲಿ ನೀರು ಓಡುತ್ತದೆ. ಬಂಡೆಗೆ ಬಡಿದಲ್ಲಿ ಒಡೆಯುತ್ತದೆ. ಒಡೆದಾಗ ಗಾಳಿ ಸೇರಿ ನೊರೆಯಾಗಿ ಬೆಳ್ಳಗಾಗುತ್ತದೆ. ಇದೇ ಆ ಜಾಹೀರಾತಿನ ಬಿಳಿ ನೀರು.

ನಮ್ಮ ಭೀಮೆಯನ್ನು ನೋಡಿರಿ. ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 860 ಕಿಲೋಮೀಟರು ಹರಿದು ರಾಯಚೂರಿನ ಕಡೆ ಕೃಷ್ಣೆಯನ್ನು ಕೂಡುತ್ತಾಳೆ. ಅಫಜಲಪುರಕ್ಕೆ ಬರುವ ಹೊತ್ತಿಗೆ ಅವಳು ಬಯಲಿನ ನದಿ. ಎರೆಭೂಮಿಯ ನಡುವೆ, ಸಂತೆ ಮುಗಿಸಿ ಮನೆಗೆ ಹೊರಟ ಮುದುಕಿಯ ಹಾಗೆ ಸಾವಕಾಶವಾಗಿ ನಡೆಯುತ್ತಾಳೆ. ಇಲ್ಲಿ ನೊರೆನೀರಿನ ದೋಣಿ ನಡೆಯುವುದಿಲ್ಲ. ಅದು ಯಾರ ತಪ್ಪೂ ಅಲ್ಲ.

ದೋಣಿಯ ವಿಷಯ ಹೇಳುತ್ತೇವೆ. ಗಾಳಿ ತುಂಬಿದ ದಪ್ಪ ರಬ್ಬರಿನ ತೆಪ್ಪ ಅದು. ಗಾಳಿಯ ಅರೆಗಳು ಬೇರೆ ಬೇರೆ. ಒಂದು ಹರಿದರೂ ಉಳಿದವು ತೇಲಿಸುತ್ತವೆ. ಆರೆಂಟು ಮಂದಿ ಅಂಚಿನ ಮೇಲೆ ಕುಳಿತು ಹುಟ್ಟು ಹಾಕುತ್ತಾರೆ. ಹಿಂದೆ ಕುಳಿತವನು ನಾಯಕ. ಅವನು ಕೂಗಿದಂತೆ ಎಲ್ಲರೂ ಒಟ್ಟಿಗೆ ಹುಟ್ಟು ಎಳೆಯಬೇಕು. ಒಬ್ಬ ತನ್ನ ಮನಸ್ಸಿಗೆ ಬಂದಂತೆ ಎಳೆದರೆ ತೆಪ್ಪ ಅಡ್ಡ ತಿರುಗುತ್ತದೆ. ತಲೆಗೆ ಗಟ್ಟಿ ಟೊಪ್ಪಿಗೆ, ಮೈಗೆ ತೇಲುವ ಅಂಗಿ ಕಡ್ಡಾಯ. ನೀರಿನ ರಭಸವನ್ನು ಒಂದರಿಂದ ಆರರವರೆಗೆ ದರ್ಜೆಗಳಲ್ಲಿ ಅಳೆಯುತ್ತಾರೆ. ಕಾಳಿಯದು ಸಾಮಾನ್ಯವಾಗಿ ಎರಡು–ಮೂರನೆಯ ದರ್ಜೆ. ಹೊಸಬರಿಗೆ ಹೆದರಿಕೆ ಹುಟ್ಟಿಸಲು ಅಷ್ಟು ಸಾಕು.

ನಮ್ಮಲ್ಲಿ ಚೀಟಿ ಬಂದ ಇಬ್ಬರಲ್ಲಿ ಒಬ್ಬ ಗಿರಣಿಯ ಕೆಲಸಗಾರ, ಇನ್ನೊಬ್ಬರು ಕಿರಾಣಿ ದುಕಾನಿನ ಶೆಟ್ಟರು. ಇಬ್ಬರೂ ಒಂದೇ ತೆಪ್ಪದಲ್ಲಿ ಹತ್ತಿದರು. ಮೊದಲನೆಯ ಸುಳಿಯಲ್ಲಿ ಶೆಟ್ಟರು ದೇವರ ಹೆಸರು ಹೇಳಿದರು. ಎರಡನೆಯದರಲ್ಲಿ ಸಣ್ಣ ಹುಡುಗನಂತೆ ಕೂಗಿ ನಕ್ಕರು. ಇಳಿದು ಬಂದವರು ತೊಯ್ದ ಅಂಗಿ ಹಿಂಡುತ್ತ ಹೇಳಿದ ಮಾತು ನಮಗೆ ಮರೆತಿಲ್ಲ: “ಮೂವತ್ತು ವರ್ಷ ಗಲ್ಲೆದ ಮುಂದ ಕುಂತೀನಿ. ಹಿಂಗ ನಕ್ಕಿದ್ದು ನೆನಪಿಲ್ಲ.”

ಮಿತ್ರರೇ, ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಇಂಥ ಸಂತೋಷವನ್ನು ಶ್ರೀಮಂತರ ಚೈನಿ ಎಂದು ಜರಿದು ಬಿಡುವುದು ಸುಲಭ. ನಾವೂ ಜರಿಯುವ ಬುದ್ಧಿಯಿಂದಲೇ ಹೋಗಿದ್ದೆವು. ಆದರೆ ನೀರಿಗೆ ಶ್ರೀಮಂತರೂ ಗೊತ್ತಿಲ್ಲ, ಬಡವರೂ ಗೊತ್ತಿಲ್ಲ. ಸಂತೋಷದಲ್ಲಿ ತಪ್ಪಿಲ್ಲ, ಅದಕ್ಕೆ ಹಾಕಿದ ಬೇಲಿಯಲ್ಲಿ ತಪ್ಪಿದೆ.

ಇನ್ನು ಆ ನೀರಿನ ಹಿಂದಿನ ಕತೆ. ತೆಪ್ಪ ಹೊರಡುವ ಗಣೇಶಗುಡಿ ಸೂಪಾ ಅಣೆಕಟ್ಟಿನ ಕೆಳಗಿದೆ. 101 ಮೀಟರು ಎತ್ತರದ ಈ ಕಟ್ಟೆ 1980ರ ದಶಕದಲ್ಲಿ ಪೂರ್ತಿಯಾಯಿತು. ಕಟ್ಟೆಯ ಬುಡದ ವಿದ್ಯುದಾಗಾರದಿಂದ ನೀರು ಬಿಟ್ಟಾಗ ನದಿಯಲ್ಲಿ ಓಟ ಬರುತ್ತದೆ, ತೆಪ್ಪ ನಡೆಯುತ್ತದೆ. ಅಂದರೆ ಸಾರ್ವಜನಿಕರ ಹಣದಿಂದ, ಸಾವಿರಾರು ಕೂಲಿಕಾರರ ಕೈಯಿಂದ ಕಟ್ಟಿದ ಕಟ್ಟೆಯ ನೀರೇ ಆ ಬಿಳಿ ನೀರು. ಆ ಜಲಾಶಯದ ಕೆಳಗೆ ಸೂಪಾ ಎಂಬ ಊರು ಮುಳುಗಿದೆ. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಮನೆ ಕಳಕೊಂಡ ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋಗಿ ನೆಲೆಸಿದವು. ನಮ್ಮ ಬಂಧುಗಳ ತೆಪ್ಪ ನಡೆಸಿದ ಹುಡುಗನ ಅಜ್ಜನ ಮನೆಯೂ ಆ ನೀರಿನ ತಳದಲ್ಲಿದೆ ಎಂದು ಅವನೇ ಹೇಳಿದ. ಹೇಳುವಾಗ ಅವನಿಗೆ ಸಿಟ್ಟಿರಲಿಲ್ಲ. “ಅಜ್ಜನ ಗದ್ದೆ ಹೋಯ್ತು, ನನಗೆ ಹುಟ್ಟು ಸಿಕ್ತು” ಎಂದು ನಕ್ಕ.

“ನಿನಗೆ ಸೂಟಿ ಯಾವಾಗ?” ಎಂದು ಕೇಳಿದೆವು. ಮಳೆಗಾಲದಲ್ಲಿ ದೋಣಿ ನಿಂತಾಗ ಎಂದ. ಆಗ ಪಗಾರವೂ ನಿಲ್ಲುತ್ತದೆ. ದಂಡೆಯ ಶಿಬಿರವೊಂದರಲ್ಲಿ ಅಡಿಗೆ ಮಾಡುವ ತಾಯಿಯನ್ನು ಕೇಳಿದೆವು. ಶನಿವಾರ ರವಿವಾರ ಬಂದವರ ಗದ್ದಲ, ಹಬ್ಬಕ್ಕೆ ಇನ್ನೂ ಹೆಚ್ಚು. ತನ್ನ ಮಕ್ಕಳ ಜತೆ ಒಂದು ದೀಪಾವಳಿ ಮಾಡದೆ ಬಹಳ ವರ್ಷವಾಯಿತು ಎಂದರು. ದಿನವಿಡೀ ಪರರ ಮೈ ತಿಕ್ಕುವ ಹೆಣ್ಣುಮಗಳು ತನ್ನ ಮಣಿಕಟ್ಟಿನ ನೋವು ತೋರಿಸಿದಳು. ಪರರಿಗೆ ಸೂಟಿ ಬಡಿಸುವವರ ತಟ್ಟೆಯಲ್ಲಿ ಸೂಟಿ ಇಲ್ಲ. ನಮ್ಮ ಗಿರಣಿಗಳಲ್ಲಿ ಬೇಳೆ ಒಡೆಯುವವನ ಮನೆಯಲ್ಲಿ ಎಷ್ಟೋ ಸಲ ಬೇಳೆ ಇರದ ಹಾಗೆ.

ಸ್ಪಾದ ಮಾತಿಗೆ ಬರೋಣ. ಎಣ್ಣೆ ಹಚ್ಚಿ ಬೆನ್ನು ತಿಕ್ಕುವುದು ನಮಗೆ ಹೊಸದಲ್ಲ. ಬಾಣಂತಿಗೆ, ಕೂಸಿಗೆ, ಹಬ್ಬದ ಮುಂಜಾನೆ ಮನೆಮಂದಿಗೆಲ್ಲ ನಮ್ಮ ತಾಯಂದಿರು ಮಾಡುತ್ತ ಬಂದದ್ದು ಅದೇ. ಆದರೆ ಕೇಳಿಕೊಳ್ಳಿರಿ: ಈ ಜಿಲ್ಲೆಯಲ್ಲಿ ತಿಕ್ಕಿಸಿಕೊಳ್ಳಬೇಕಾದ ಬೆನ್ನು ಯಾವುದು? ಬೆಳಗಿನಿಂದ ಸಂಜೆಯವರೆಗೆ ಲಾರಿಯಿಂದ ಗೋದಾಮಿಗೆ ತೊಗರಿಯ ಚೀಲ ಹೊರುವ ಬೆನ್ನಲ್ಲವೇ? ನಾಲ್ವತ್ತು ದಾಟುವ ಮುಂಚೆ ನಡು ಬಗ್ಗಿದ ಹಮಾಲರನ್ನು ನೀವೆಲ್ಲ ಬಲ್ಲಿರಿ. ವಿಶ್ರಾಂತಿ ಔಷಧವಾದರೆ ಅದು ಮೊದಲು ರೋಗಿಗೆ ಸಿಗಬೇಕು. ಈಗ ಹಣ ಇದ್ದವನಿಗೆ ಸಿಗುತ್ತಿದೆ.

ಇಷ್ಟು ಹೇಳಿದ ಮೇಲೆ ಕೆಲವರು ಕೇಳುತ್ತಾರೆ: ಹೊಟ್ಟೆಗೆ ಸಾಲದವರಿಗೆ ಸೂಟಿಯ ಮಾತೇಕೆ? ಇದೇ ಮಾತನ್ನು ಹಿಂದೆಯೂ ಮಾಲಿಕರು ಆಡಿದ್ದರು. ಮುಂಬಯಿಯ ಗಿರಣಿಗಳಲ್ಲಿ ಒಂದು ಕಾಲಕ್ಕೆ ವಾರದ ಸೂಟಿ ಎಂಬುದೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ಸಾವಿರಾರು ಕೆಲಸಗಾರರನ್ನು ಕೂಡಿಸಿ, ವರ್ಷಗಟ್ಟಲೆ ಅರ್ಜಿ ಸಲ್ಲಿಸಿ ಹೋರಾಡಿದರು; 1890ರಲ್ಲಿ ರವಿವಾರದ ಸೂಟಿ ಸಿಕ್ಕಿತು. ಇಂದು ನಮ್ಮ ಮಕ್ಕಳು ರವಿವಾರ ಎಂದರೆ ತಾನಾಗಿ ಬಂದ ಸೂಟಿ ಎಂದು ತಿಳಿದಿದ್ದಾರೆ. ಅದು ತಾನಾಗಿ ಬಂದದ್ದಲ್ಲ.

ಪರದೇಶದ ಒಂದು ಮಾತು. ಫ್ರಾನ್ಸಿನಲ್ಲಿ 1936ರಲ್ಲಿ ಕೆಲಸಗಾರರು ಕಾರ್ಖಾನೆಗಳಲ್ಲೇ ಕುಳಿತು ಮುಷ್ಕರ ಹೂಡಿದರು. ಆ ಜೂನ್ ತಿಂಗಳಲ್ಲಿ ವರ್ಷಕ್ಕೆ ಎರಡು ವಾರಗಳ ಪಗಾರದ ಸೂಟಿ ಕಾಯಿದೆಯಾಯಿತು. ವಿರಾಮದ ಖಾತೆ ನೋಡುತ್ತಿದ್ದ ಲಿಯೋ ಲಾಗ್ರಾಂಜ್ ಎಂಬವರು ಸೂಟಿಗೆ ಹೋಗುವ ಕೆಲಸಗಾರರಿಗೆ ರೈಲಿನಲ್ಲಿ ರಿಯಾಯಿತಿಯ ಟಿಕೀಟು ಕೊಡಿಸಿದರು. ಅದೇ ಬೇಸಿಗೆ ಲಕ್ಷಗಟ್ಟಲೆ ಜನ ಸೈಕಲ್ಲು, ರೈಲು ಹಿಡಿದು, ಡೇರೆ ಹೊತ್ತು ಹೊರಟರು. ಎಷ್ಟೋ ಮಂದಿ ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದರು. ನದಿಯ ದಂಡೆಯ ಡೇರೆ ಹಾಗೆ ನೋಡಿದರೆ ಕೆಲಸಗಾರರದೇ. ಆಮೇಲೆ ಅದರಲ್ಲಿ ಗಾದಿ ಹಾಕಿ ಬೆಲೆ ಏರಿಸಿದರು. 1948ರ ಮಾನವ ಹಕ್ಕುಗಳ ಘೋಷಣೆಯ 24ನೆಯ ಕಲಮು ವಿಶ್ರಾಂತಿ, ವಿರಾಮ ಮತ್ತು ಪಗಾರದ ಸೂಟಿಯನ್ನು ಪ್ರತಿಯೊಬ್ಬ ಮನುಷ್ಯನ ಹಕ್ಕು ಎಂದು ಬರೆಯಿತು.

ನಮ್ಮ ದೇಶದಲ್ಲಿ? 1948ರ ಕಾರ್ಖಾನೆ ಕಾಯಿದೆ ವರ್ಷದಲ್ಲಿ 240 ದಿನ ದುಡಿದವನಿಗೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಪಗಾರದ ಸೂಟಿ ಎಂದಿತು. ಲೆಕ್ಕ ಹಾಕಿರಿ, 12 ದಿನ. 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆ 240ರ ಮಿತಿಯನ್ನು 180ಕ್ಕೆ ಇಳಿಸಿತು. ಇದು ಒಳ್ಳೆಯದೇ. ಆದರೆ ನಮ್ಮ ಕಡೆ ಈ ಲೆಕ್ಕ ಯಾರಿಗೆ ಕೂಡುತ್ತದೆ? ಆಳಂದ, ಅಫಜಲಪುರದ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮು ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ. ಹಂಗಾಮಿನ ಕೆಲಸಗಾರ 180 ದಿನ ಎಲ್ಲಿಂದ ತರಬೇಕು? ದಾಲ್ ಗಿರಣಿಯಲ್ಲಿ ಎಂಟು ಮಂದಿ ದುಡಿಯುತ್ತಿದ್ದರೆ ಕಾರ್ಖಾನೆ ಕಾಯಿದೆಯ ಕಣ್ಣಿಗೆ ಅದು ಕಾರ್ಖಾನೆಯೇ ಆಗಿರಲಿಲ್ಲ. ಯಂತ್ರಶಕ್ತಿ ಇದ್ದಲ್ಲಿ ಅದು 10 ಜನರನ್ನು ಕೇಳುತ್ತಿತ್ತು. ಹೊಸ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಒಂದು ಕೈಯಿಂದ ಬಾಗಿಲು ತೆರೆದು ಇನ್ನೊಂದು ಕೈಯಿಂದ ಹೊಸ್ತಿಲು ಎತ್ತರಿಸಿದ ಹಾಗೆ. ಸರಕಾರಿ ನೌಕರನಿಗೆ ಸೂಟಿಯೂ ಉಂಟು, ಸೂಟಿಯ ಪ್ರಯಾಣಕ್ಕೆ ರಿಯಾಯಿತಿಯೂ ಉಂಟು. ಅವನಿಗೆ ಇರುವುದು ತಪ್ಪಲ್ಲ. ಉಳಿದವರಿಗೆ ಇಲ್ಲದ್ದು ತಪ್ಪು.

ಇನ್ನು ಸಣ್ಣ ವ್ಯಾಪಾರಸ್ಥರು. ನಿಮಗೆ ಮಾಲಿಕನಿಲ್ಲ, ಆದರೂ ಸೂಟಿ ಇಲ್ಲ. ಆಳಂದದ ಸಭೆಯಲ್ಲಿ ಒಬ್ಬ ದುಕಾನದಾರರು ಎದ್ದು ನಿಂತು, “ನಾ ಒಂದು ದಿನ ಬಾಗಲಾ ಹಾಕಿದರ ಗಿರಾಕಿ ಬಾಜೂ ದುಕಾನಕ್ಕ ಹೋಗ್ತಾನ, ಮತ್ತ ತಿರುಗಿ ಬರೂದಿಲ್ಲ” ಎಂದರು. ಮಾತು ಖರೆ. ಆದರೆ ಬಾಜೂ ದುಕಾನದವರೂ ಅದೇ ಹೆದರಿಕೆಯಿಂದ ಬಾಗಿಲು ತೆರೆದು ಕುಳಿತಿದ್ದಾರೆ. ಇಬ್ಬರೂ ಒಬ್ಬರಿಗೊಬ್ಬರು ಕಾವಲು. ಇದರಲ್ಲಿ ಸೊರಗುವವರು ಇಬ್ಬರ ಮನೆಮಂದಿ ಮತ್ತು ಇಬ್ಬರ ಗುಮಾಸ್ತರು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದುಡಿಯುವವನಿಗೆ ವಾರಕ್ಕೊಂದು ಪೂರ್ಣ ದಿನದ ಸೂಟಿ ಇರಬೇಕೆಂದು ಹೇಳುತ್ತದೆ. ಊರಿನ ದುಕಾನಗಳೆಲ್ಲ ಕೂಡಿ ಒಂದು ವಾರ ಗೊತ್ತು ಮಾಡಿದರೆ ಯಾರ ಗಿರಾಕಿಯೂ ಎಲ್ಲಿಯೂ ಹೋಗುವುದಿಲ್ಲ. ಗಿರಾಕಿಗೆ ಉಪ್ಪು ಬೇಕಾದರೆ ಹಿಂದಿನ ದಿನ ಒಯ್ಯುತ್ತಾನೆ. ತೆಪ್ಪದ ಹುಟ್ಟಿನ ಪಾಠ ಇಲ್ಲಿಯೂ ಅದೇ: ಎಲ್ಲರೂ ಒಟ್ಟಿಗೆ ಎಳೆಯಬೇಕು.

ಈಗ ನಮ್ಮ ಹೊಳೆಯ ದಂಡೆಗೆ ಬರೋಣ. ಹಮಾಲ ಕಾಕಾ ಹೇಳಿದ್ದು ಸುಳ್ಳಲ್ಲ. ಭೀಮೆ ಮತ್ತು ಅಮರ್ಜೆ ಕೂಡುವ ಗಾಣಗಾಪುರದ ಸಂಗಮದಲ್ಲಿ ನಮ್ಮ ಜನ ತಲೆತಲಾಂತರದಿಂದ ಬೀಡು ಬಿಟ್ಟಿದ್ದಾರೆ. ಎಳ್ಳಮಾಸಿಯ ದಿನ ಬುತ್ತಿ ಕಟ್ಟಿಕೊಂಡು, ಬೀಗರು ಬಿಜ್ಜರನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ, ಸಜ್ಜಿರೊಟ್ಟಿ, ಕಡುಬು ಉಂಡು ಗಿಡದ ನೆರಳಿಗೆ ಮಲಗುವುದು ಡೇರೆಯ ಸೂಟಿಗಿಂತ ಯಾವುದರಲ್ಲಿ ಕಡಿಮೆ? ಹೊಲ ಇಲ್ಲದವನನ್ನೂ ಅಂದು ಹೊಲ ಇದ್ದವನು ಕರೆಯುತ್ತಾನೆ. ಬೇಲಿಯಿಲ್ಲದ ಸೂಟಿಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಆದರೆ ಆ ಹೊಳೆಯ ಗತಿ ಏನಾಗಿದೆ? ಬೇಸಿಗೆಯಲ್ಲಿ ಭೀಮೆ ಬತ್ತುತ್ತದೆ. ಮೇಲಿನ ಉಜ್ಜನಿ ಜಲಾಶಯದಿಂದ ನೀರು ಬಂದೀತೇ ಎಂದು ಕಾಯುತ್ತೇವೆ. ಮಳೆಗಾಲದಲ್ಲಿ ಅದೇ ಜಲಾಶಯದ ನೀರು ಒಮ್ಮೆಲೆ ಬಂದು, 2020ರ ಅಕ್ಟೋಬರಿನಲ್ಲಿ ಮತ್ತು 2025ರ ಸೆಪ್ಟೆಂಬರಿನಲ್ಲಿ ಆದಂತೆ, ದಂಡೆಯ ಹಳ್ಳಿಗಳನ್ನು ಮುಳುಗಿಸುತ್ತದೆ. ನಡುವೆ ಮರಳಿನ ಲೂಟಿ. ಮರಳು ಬಗೆದ ಗುಂಡಿ ನೀರು ತುಂಬಿದಾಗ ಕಾಣುವುದಿಲ್ಲ. ಮೊಣಕಾಲು ನೀರೆಂದು ಕಾಲಿಟ್ಟ ಹುಡುಗ ಆಳಕ್ಕೆ ಜಾರುತ್ತಾನೆ. 2023ರ ಜೂನ್ ತಿಂಗಳಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಕಳ್ಳ ಮರಳಿನ ಟ್ರ್ಯಾಕ್ಟರು ತಡೆಯಲು ಹೋದ ಪೊಲೀಸರೊಬ್ಬರು ಅದರ ಗಾಲಿಗೆ ಸಿಕ್ಕು ಸತ್ತರು. ಕಾಳಿಯ ತೆಪ್ಪದಲ್ಲಿ ಪ್ರತಿಯೊಬ್ಬನಿಗೂ ತೇಲುವ ಅಂಗಿ ಕೊಡುತ್ತಾರೆ. ಹುಣ್ಣಿಮೆಗೆ ಸಾವಿರ ಸಾವಿರ ಜನ ಮುಳುಗಿ ಏಳುವ ನಮ್ಮ ಘಟ್ಟಗಳಲ್ಲಿ ತೇಲುವ ಬಳೆ, ಹಗ್ಗ, ಈಜು ಬಲ್ಲ ಕಾವಲುಗಾರ ಇರಬೇಕೆಂದು ಕೇಳುವುದು ಚೈನಿಯೇ? ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಮರೆ, ಕುಡಿಯುವ ನೀರು, ಒಂದಿಷ್ಟು ನೆರಳು ಕೇಳುವುದು ಐಷಾರಾಮವೇ?

ಒಂದು ಬದಲಾವಣೆಯನ್ನು ಒಪ್ಪಿಕೊಳ್ಳಬೇಕು. 2023ರ ಜೂನ್ 11ರಂದು ರಾಜ್ಯದಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾಯಿತು. ನಮ್ಮ ಗಲ್ಲಿಗಳಿಂದ ಮನೆ ಬಿಟ್ಟು ಎಲ್ಲಿಯೂ ಹೋಗದ ತಾಯಂದಿರು ಗುಂಪು ಕಟ್ಟಿಕೊಂಡು ಗಾಣಗಾಪುರಕ್ಕೆ, ಧರ್ಮಸ್ಥಳಕ್ಕೆ ಹೊರಟರು. ಹೆಂಗಸರು ದಿಕ್ಕಾಪಾಲಾಗಿ ತಿರುಗುತ್ತಾರೆ ಎಂದು ಆಗ ಗಂಡಸರು ಕಟ್ಟೆಯ ಮೇಲೆ ಕುಳಿತು ಕುಹಕವಾಡಿದರು. ಜೀವಮಾನವೆಲ್ಲ ಒಲೆಯ ಮುಂದೆ ಸವೆದವರು ಒಂದು ದಿನ ಹೊರಗಿನ ಗಾಳಿ ಕುಡಿದರೆ ನಮಗೇಕೆ ನೋವು? ಟಿಕೀಟಿನ ಬೇಲಿ ಒಂದು ಬಿದ್ದ ಕೂಡಲೆ ಇಷ್ಟು ಜನ ಹೊರಟರು ಎಂಬುದೇ, ಸೂಟಿಯ ಹಸಿವು ಎಷ್ಟು ಇತ್ತು ಎಂಬುದಕ್ಕೆ ಸಾಕ್ಷಿ.

ಹಾಗಾದರೆ ಮಾಡಬೇಕಾದದ್ದೇನು? ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ಒಂದು, ಪ್ರತಿಯೊಬ್ಬ ಕೆಲಸಗಾರನೂ ತಾನು ದುಡಿದ ದಿನಗಳನ್ನು ಒಂದು ಸಣ್ಣ ವಹಿಯಲ್ಲಿ ಬರೆದಿಡಲಿ. ಮಾಲಿಕನ ವಹಿಯಲ್ಲಿ ಮಾತ್ರ ಲೆಕ್ಕ ಇದ್ದರೆ 180 ದಿನ ಎಂದಿಗೂ ತುಂಬುವುದಿಲ್ಲ. ಹಂಗಾಮಿನ ಕೆಲಸಗಾರನಿಗೆ ದುಡಿದಷ್ಟು ದಿನದ ಮೇಲೆ ಸೂಟಿಯ ಪಗಾರ ಸಿಗಬೇಕೆಂದು ಸಂಘಗಳು ಕೇಳಲಿ.

ಎರಡು, ಮೂರೂ ಊರುಗಳಲ್ಲಿ ವ್ಯಾಪಾರಸ್ಥರೂ ಗುಮಾಸ್ತರೂ ಕೂಡಿ ಕುಳಿತು ವಾರದ ಒಂದು ದಿನವನ್ನು ಗೊತ್ತು ಮಾಡಲಿ.

ಮೂರು, ಸರಕಾರವನ್ನು ಕೇಳೋಣ. ಜಂಗಲ್ ಲಾಡ್ಜಸ್ ಎಂಬ ರಾಜ್ಯ ಸರಕಾರದ ಕಂಪನಿ 1980ರಿಂದ ಕಾಡು, ಹೊಳೆಗಳ ದಂಡೆಯಲ್ಲಿ ಶಿಬಿರ ನಡೆಸುತ್ತ ಬಂದಿದೆ. ಕಾಳಿಯ ದಂಡೆಯಲ್ಲಿಯೂ ಅದರ ಶಿಬಿರವಿದೆ. ಸಾರ್ವಜನಿಕರ ಕಾಡು, ಸಾರ್ವಜನಿಕರ ನೀರು, ಸಾರ್ವಜನಿಕರ ಕಂಪನಿ. ಅಲ್ಲಿ ದುಡಿಯುವ ಜನರಿಗಾಗಿ, ದಟ್ಟಣೆಯಿಲ್ಲದ ವಾರದ ದಿನಗಳಲ್ಲಾದರೂ, ಕಡಿಮೆ ದರದ ಒಂದು ಸಾಲು ಡೇರೆ ಇರಲಿ. ಗಾದಿ ಬೇಡ, ಚಾಪೆ ಸಾಕು. ಅದರ ಜತೆಗೆ ಭೀಮೆಯ ಘಟ್ಟಗಳಿಗೆ ಕಾವಲು, ಮರಳಿಗೆ ಲಗಾಮು.

ನಾಲ್ಕು, ಸರಕಾರ ಕೊಡುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ತಿಂಗಳಿಗೆ ಕೈಲಾದಷ್ಟು ವರ್ಗಣಿ ಹಾಕಿ ಪ್ರತಿ ವರ್ಷ ಒಂದು ತಂಡ ಹೋಗಿಬರಲಿ. ಹೆಸರು ಚೀಟಿ ಎತ್ತಿ ಆರಿಸೋಣ. ಹೆಂಗಸರ ಹೆಸರೂ ಆ ಚೀಟಿಯಲ್ಲಿ ಇರಲಿ. ಅಲ್ಲಿ ದೋಣಿ ನಡೆಸುವವನಿಗೂ ಅಡಿಗೆಯ ತಾಯಿಗೂ ಸೂಟಿ ಉಂಟೇ ಎಂದು ಕೇಳಿಯೇ ಹಣ ಕೊಡೋಣ.

ಹಮಾಲ ಕಾಕಾಗೆ ತಿರುಗಿ ಬಂದು ಉತ್ತರ ಹೇಳಿದೆವು: “ಕಾಕಾ, ರೊಕ್ಕ ಹೊಳಿಗೆ ಅಲ್ಲ, ಎಣ್ಣಿಗೆ ಅಲ್ಲ. ನಾಲ್ಕು ದಿನ ಕೆಲಸ ಬಿಟ್ಟರೂ ಪಗಾರ ತಪ್ಪದವರು ಮಾತ್ರ ಅಲ್ಲಿಗೆ ಹೋಗಬಲ್ಲರು. ಅವರು ಕೊಳ್ಳೂದು ಆ ನಾಲ್ಕು ದಿನ.” ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಹಂಗಾದರ ಡೇರೆ ಬ್ಯಾಡ. ಮೊದಲು ಆ ನಾಲ್ಕು ದಿನ ಕೇಳ್ರಿ.”

ಬಂಧುಗಳೇ, ಈ ಭಾಷಣದ ಸಾರ ಅಷ್ಟೇ. ಮೊದಲು ಆ ನಾಲ್ಕು ದಿನ ಕೇಳೋಣ. ವರ್ಗಣಿಯ ವಹಿ ಇಂದೇ ಆರಂಭವಾಗಿದೆ. ಮೊದಲನೆಯ ಹೆಸರು ಕಾಕಾ ಅವರದು.